ಕಾರಣವುಳ್ಳ ರೋಗ

ರಾಯಚೂರು ತಂಪುಕೇರಿ
ಬಿಸಿಲುಗಣನೆಯ ನೂರಾ ಹದಿನೆಂಟನೇ ವರ್ಷ, ಹದಿಮೂರನೆಯ ತಿಂಗಳು

ಶಿವಲೀಲಾಳಿಗೆ ಅಂಬಮ್ಮನ ನಮಸ್ಕಾರಗಳು.

ನೀನು ನನಗೆ ಏಳು ತಲೆಮಾರು ಹಿಂದಿನ ಅಜ್ಜಿ. ಆದರೆ ನಾನು ಬರೆಯುತ್ತಿರುವುದು ಇಪ್ಪತ್ನಾಲ್ಕು ವರ್ಷದ ನಿನಗೆ, ನನಗೋ ಮೂವತ್ತು ದಾಟಿದೆ. ಅಜ್ಜಿ ಎನ್ನಲು ನಗು ಬರುತ್ತದೆ, ತಂಗಿ ಎನ್ನಲು ಧೈರ್ಯವಿಲ್ಲ. ಹೆಸರು ಹಿಡಿದು ಕರೆದೆನೆಂದು ಬೈಯಬೇಡ. ತಿಂಗಳು ಹದಿಮೂರಾಗಿರುವುದಕ್ಕೂ ಗಾಬರಿಯಾಗಬೇಡ. ಬೇಸಿಗೆಗೆ ಹನ್ನೆರಡು ಸಾಲದೆ ನಮ್ಮವರು ಇನ್ನೊಂದನ್ನು ಸೇರಿಸಿಕೊಂಡಿದ್ದಾರೆ. ನನ್ನ ಇನ್ನೂ ಕೆಲವು ಮಾತುಗಳು ನಿನಗೆ ವಿಚಿತ್ರ ಎನಿಸಬಹುದು, ಕ್ಷಮಿಸು.

ನಿನ್ನ ಕುತ್ತಿಗೆಯಲ್ಲಿ ನೋವಿಲ್ಲದ ಗಂಟೊಂದು ಎದ್ದಿದೆ. ರಾತ್ರಿ ಬೆವರಿ ಹಾಸಿಗೆ ತೊಯ್ಯುತ್ತದೆ. ಡಾಕ್ಟರು ಹಾಡ್ಜ್‌ಕಿನ್ ಲಿಂಫೋಮಾ ಎಂದಿದ್ದಾರೆ, ದುಗ್ಧಗ್ರಂಥಿಗಳ ಕ್ಯಾನ್ಸರ್. ನನಗೇ ಯಾಕೆ ಎಂದು ನೀನು ಕೇಳಿದೆ. ಅವರ ಉತ್ತರವನ್ನು ನೀನು ಅವತ್ತೇ ನಿನ್ನ ತಾಯಿಗೆ ಫೋನಿನಲ್ಲಿ ಹೇಳಿದ್ದು ನಮ್ಮ ಬಳಿ ಉಳಿದಿದೆ. ಹರೆಯದವರಲ್ಲಿ, ಮತ್ತೆ ಐವತ್ತೈದು ದಾಟಿದವರಲ್ಲಿ ಇದು ಹೆಚ್ಚು. ಎಂಜಲಿನಿಂದ ಹರಡುವ ಎಪ್‌ಸ್ಟೀನ್-ಬಾರ್ ವೈರಸ್ಸಿನ ಜ್ವರ ಬಂದುಹೋದವರಲ್ಲಿ ತುಸು ಹೆಚ್ಚು. ಎಚ್‌ಐವಿಯಿಂದಲೋ ಅಂಗಾಂಗ ಕಸಿಯ ನಂತರದ ಔಷಧಿಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹೆಚ್ಚು. ಒಡಹುಟ್ಟಿದವರಿಗೆ ಬಂದಿದ್ದರೆ, ಅದರಲ್ಲೂ ತದ್ರೂಪಿ ಅವಳಿಗೆ ಬಂದಿದ್ದರೆ, ಇನ್ನೂ ಹೆಚ್ಚು. ಇವೆಲ್ಲ ಇದ್ದವರಲ್ಲಿ ಬಹುತೇಕರಿಗೆ ರೋಗ ಬರುವುದೇ ಇಲ್ಲ, ಏನೂ ಇಲ್ಲದವರಿಗೂ ಬಂದುಬಿಡುತ್ತದೆ ಎಂದೂ ಅವರು ಹೇಳಿದರು. ಆ ಕೊನೆಯ ಮಾತನ್ನು ನೀನು ಮನಸ್ಸಿಗೆ ಹಚ್ಚಿಕೊಂಡಂತಿಲ್ಲ.

ನಾವಿರುವುದು ಬೆಟ್ಟದ ಬಂಡೆಯೊಳಗೆ ಕೊರೆದ ಕೇರಿಯಲ್ಲಿ. ಹಗಲು ಮೇಲೆ ಹೋದವರು ಬೆಂದು ಬರುತ್ತಾರೆ, ಆದ್ದರಿಂದ ಜೋಳದ ಕೆಲಸವೆಲ್ಲ ಹೊತ್ತು ಮುಳುಗಿದ ಮೇಲೆ. ರೊಟ್ಟಿಯನ್ನು ಈಗಲೂ ಕೈಯಲ್ಲೇ ಬಡಿಯುತ್ತೇವೆ, ನಿನಗೆ ಸಮಾಧಾನವಾಗಲಿ. ಉಣ್ಣುವುದು ಮಾತ್ರ ಒಂಟಿತಾಟಿನಲ್ಲಿ. ಮಗುವಿಗೆ ಹಲ್ಲು ಮೂಡುವ ಮೊದಲೇ ಹೆಸರು ಕೆತ್ತಿಸಿ ಕೊಡುವ ಮುಚ್ಚಳದ ತಾಟು ಅದು. ಬೇರೆಯವರ ಕೈ ತಾಗಿದರೆ ಕೇರಿಗೆಲ್ಲ ಕೇಳುವಂತೆ ಚೀರುತ್ತದೆ. ಚಿಕ್ಕವರಿದ್ದಾಗ ನಾನೂ ನನ್ನಕ್ಕ ಹುಲಿಗೆಮ್ಮನೂ ಪೇರಲಹಣ್ಣನ್ನು ಲಂಗದಲ್ಲಿ ಸುತ್ತಿ ಕಚ್ಚಿ, ಗುಬ್ಬಿ ಎಂಜಲು ಮಾಡಿ ಹಂಚಿಕೊಂಡು ಸಿಕ್ಕಿಬಿದ್ದೆವು. ಬಟ್ಟೆ ಅಡ್ಡವಿದ್ದರೆ ಎಂಜಲಲ್ಲ ಎಂಬ ನಿಮ್ಮ ಕಾಲದ ಮಕ್ಕಳ ನ್ಯಾಯ ಇಲ್ಲಿ ನಡೆಯಲಿಲ್ಲ. ಇಷ್ಟು ಕಾವಲಿಟ್ಟರೂ ವೈರಸ್ಸು ನಮ್ಮನ್ನು ಬಿಟ್ಟಿಲ್ಲ. ಚಿಕ್ಕಂದಿನಲ್ಲೇ ಬಂದು ಸದ್ದಿಲ್ಲದೆ ಮೈಯಲ್ಲಿ ಮಲಗಬೇಕಾದದ್ದು ಈಗ ಹರೆಯದಲ್ಲಿ, ಮೊದಲ ಮುತ್ತಿನ ಜೊತೆ, ಜ್ವರವಾಗಿ ಬರುತ್ತದೆ.

ನಮ್ಮ ಮದ್ದುಮನೆಗೆ ಸಿಗುವ ನೀರು ಕಡಿಮೆ, ವಿದ್ಯುತ್ತು ಇನ್ನೂ ಕಡಿಮೆ. ಎಲ್ಲರಿಗೂ ಸಾಕಾಗುವಷ್ಟು ಮದ್ದು ಮಾಡಲಾಗದು. ಯಾರಿಗೆ ಇಲ್ಲವೆನ್ನುವುದು ಎಂಬುದಕ್ಕೆ ನಮ್ಮ ಹಿರಿಯರು ದಾರಿಯೊಂದನ್ನು ಕಂಡುಕೊಂಡರು. ಕಾರಣವಿಲ್ಲದೆ ಬಂದ ರೋಗಕ್ಕೆ ಮದ್ದು ಉಂಟು, ಕಾರಣವುಳ್ಳ ರೋಗಕ್ಕೆ ಇಲ್ಲ. ಆ ಕಾರಣವನ್ನು ಹುಡುಕಲೆಂದೇ ನಡತೆಗಾರರು ಇದ್ದಾರೆ. ರೋಗಿಯ ಪಕ್ಕ ಕೂತು ಏನು ತಿಂದೆ, ಯಾರ ಜೊತೆ ತಿಂದೆ ಎಂದು ಕೆದಕುವುದೇ ಅವರ ಕೆಲಸ. ನಿನ್ನ ಡಾಕ್ಟರು 'ತುಸು ಹೆಚ್ಚು' ಎಂದದ್ದೆಲ್ಲ ಇವರ ಬಾಯಲ್ಲಿ 'ಅದಕ್ಕೇ' ಆಗಿದೆ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹುಲಿಗೆಮ್ಮ ನನ್ನ ತದ್ರೂಪಿ ಅವಳಿ, ಚೂರು ಮೊದಲು ಹುಟ್ಟಿ ಅಕ್ಕನಾದವಳು. ಹೋದ ಬಿತ್ತನೆಯ ಹೊತ್ತಿಗೆ ಅವಳ ಕುತ್ತಿಗೆಯಲ್ಲೂ ಗಂಟು ಕಾಣಿಸಿತು. ನಡತೆಗಾರರು ಬಂದರು. ಅವಳ ರಕ್ತದಲ್ಲಿ ವೈರಸ್ಸಿನ ಗುರುತಿತ್ತು. ನನ್ನ ರಕ್ತದಲ್ಲೂ ಇದೆ, ನೋಡಿಸಿಕೊಂಡರೆ ನಿಮ್ಮದರಲ್ಲೂ ಇದ್ದೀತು ಎಂದು ನಾನು ಕೂಗಾಡಿದೆ. ಅಷ್ಟಕ್ಕೇ ಮದ್ದು ತಡೆಯಲು ಅವರಿಗೂ ಮನಸ್ಸು ಗಟ್ಟಿಯಾಗಲಿಲ್ಲ. ಆಗ ನಮ್ಮ ಮನೆಯ ದನಿಪೆಟ್ಟಿಗೆ ತೆಗೆಸಿದರು. ಹಿಂದಿನವರು ಫೋನಿನಲ್ಲಿ ಆಡಿ ಉಳಿಸಿದ ಮಾತೆಲ್ಲ ಅದರಲ್ಲಿರುತ್ತದೆ. ನಿನ್ನ ದನಿ ಬಂತು. ಮುದುಕಿಯಾಗಿದ್ದೆ, ಮೊಮ್ಮಗಳಿಗೆ ಹೇಳುತ್ತಿದ್ದೆ: "ಹಾಸ್ಟೆಲ್ದಾಗ ಎಲ್ಲಾರ ಎಂಜಲಾ ತಿಂದೀನವಾ, ಅದಕ್ಕ ಬಂತು ನನಗ. ನಮ್ ಮಂದಿಗೆ ಒಂದ ತಾಟಿನ್ಯಾಗ ಉಣ್ಣೂದಂದ್ರ ಹಬ್ಬ." ಹೇಳಿ ಜೋರಾಗಿ ನಕ್ಕೆ. ಆ ನಗುವನ್ನು ಕೇಳುತ್ತಲೇ ನಾವಿಬ್ಬರೂ ಬೆಳೆದವರು, ನಮಗದು ಪ್ರಾಣ. ನಡತೆಗಾರರು ನಗಲಿಲ್ಲ. ಇದು ಮನೆತನದ ಚಾಳಿ, ಹಿಂದಿನ ರೋಗಿಯೇ ಒಪ್ಪಿಕೊಂಡಿದ್ದಾಳೆ ಎಂದು ತೀರ್ಮಾನಿಸಿ ಎದ್ದು ಹೋದರು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ. ಸಿಟ್ಟಿದೆ. ಹುಲಿಗೆಮ್ಮ ಈಗ ಎದ್ದು ಕೂರಲಾರಳು. ಉಸಿರಾಡುವಾಗ ಎದೆಯಲ್ಲಿ ಸಿಳ್ಳೆ ಕೇಳುತ್ತದೆ. ಅವಳದೇ ಮುಖವಾದ ನನ್ನ ಮುಖವನ್ನು ನೋಡಿ ದಿನಾ ಕೇಳುತ್ತಾಳೆ: "ಇಬ್ರೂ ಒಂದ ಹಣ್ಣು ತಿಂದೀವಿ. ನನಗ್ಯಾಕ ಬಂತು, ನಿನಗ್ಯಾಕಿಲ್ಲ?" ನಾನು ನನ್ನ ಕುತ್ತಿಗೆಯನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಗೊತ್ತಿಲ್ಲ ಎಂಬುದೊಂದೇ ನಿಜ, ಆದರೆ ಈ ಕೇರಿಯಲ್ಲಿ ಹಾಗೆ ಹೇಳುವವರೇ ಇಲ್ಲ.

ಈ ಪತ್ರ ನಿನ್ನ ಕೈ ಸೇರುವುದಿಲ್ಲ ಎಂದು ಬಲ್ಲೆ. ಆದರೂ ಬೇಡಿಕೊಳ್ಳುತ್ತೇನೆ. ನಾಳೆ ನಿನಗೆ ಮೊದಲ ಕಿಮೋ. ವಾಂತಿಯಾಗುತ್ತದೆ, ಕೂದಲು ಉದುರುತ್ತದೆ, ಹೆದರಬೇಡ. ನೀನು ಗುಣವಾಗುತ್ತೀ, ಮಕ್ಕಳನ್ನು ಹೆರುತ್ತೀ, ಮುದುಕಿಯಾಗುತ್ತೀ. ಯಾಕೆ ಬಂತಜ್ಜಿ ಎಂದು ಮೊಮ್ಮಗಳು ಕೇಳಿದಾಗ ತಮಾಷೆಗೂ ಒಂದು ಕಾರಣ ಹೇಳಬೇಡ. ಬಂತು, ಮದ್ದು ತಗೊಂಡೆ, ಉಳಿದೆ ಎನ್ನು. ಅಷ್ಟು ಸಾಕಿತ್ತು.

ನಿನ್ನ ರೋಗಕ್ಕೆ ಮದ್ದು ಇತ್ತು. ನನ್ನಕ್ಕನ ರೋಗಕ್ಕೆ ಕಾರಣ ಇದೆ.

ಅಂಬಮ್ಮ