ಸದ್ದಿಲ್ಲದ ಲಾರಿಗಳು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಜಾಸ್ತಿ ಮಾಡಿಕೊಳ್ಳಬೇಡ. ಅಕ್ಕ, ಮಗು ಇಬ್ಬರೂ ಆರಾಮ ತಾನೆ? ಮಗುವಿಗೆ ತಾತನ ಮೂಗೇ ಬಂದಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಎರಡು ದಿನ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓದಿದ್ದು ಅಂದರೆ, ನಾನು ಓದಿ ಹೇಳಿದ್ದು. ಊಟಕ್ಕೇನೂ ತೊಂದರೆಯಿಲ್ಲ. ಅಪ್ಪ ಎಲ್ಲದಕ್ಕೂ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಕೇಳಿದರೆ ನನ್ನ ನಾಲಿಗೆಯೇ ಸರಿಯಿಲ್ಲ ಅನ್ನುತ್ತಾರೆ.

ನಮ್ಮ ಕಂಪನಿಗೆ ಹದಿನೆಂಟು ಕರೆಂಟಿನ ಲಾರಿ ಬಂದಿವೆ. ಹೊಗೆ ಬಿಡುವ ಗಾಡಿಯಲ್ಲಿ ನಮ್ಮ ಸರಕು ಕಳಿಸಬೇಡಿ ಎಂದು ದೊಡ್ಡ ಗಿರಾಕಿಗಳು ಪಟ್ಟು ಹಿಡಿದರಂತೆ, ಡೀಸೆಲ್ ಗಾಡಿಗಳನ್ನೆಲ್ಲ ಒಂದೇ ತಿಂಗಳಲ್ಲಿ ಮಾರಿಬಿಟ್ಟರು. ನನಗೂ ಒಂದು ಹೊಸದು ಕೊಟ್ಟಿದ್ದಾರೆ. ಸುಳ್ಳು ಯಾಕೆ ಹೇಳಲಿ, ಓಡಿಸಲು ಬೆಣ್ಣೆ. ಸಂಜೆ ಕೆಮ್ಮಿಲ್ಲ, ಕಾಲರಿನಲ್ಲಿ ಮಸಿಯಿಲ್ಲ, ನೀನು ನೋಡಿದರೆ ಇವನು ಕೆಲಸಕ್ಕೇ ಹೋಗಿಲ್ಲ ಅಂದುಕೊಳ್ಳುತ್ತೀಯ. ಆದರೆ ನನಗೆ ಭಯವಾಗುತ್ತಿದೆ ಅಮ್ಮಾ. ಈ ಲಾರಿಗಳಿಗೆ ಸದ್ದೇ ಇಲ್ಲ.

ಅಪ್ಪ ಯಾರ್ಡಿನಲ್ಲಿ ಲಾರಿಗಳನ್ನು ಹಿಂದಕ್ಕೆ ತೆಗೆಸಿ ಗೋದಾಮಿನ ಕಟ್ಟೆಗೆ ನಿಲ್ಲಿಸುವುದು ಕಣ್ಣಿನಿಂದಲ್ಲ, ಕಿವಿಯಿಂದ ಎನ್ನುವುದು ನಮ್ಮ ಮೂವರಿಗೆ ಮಾತ್ರ ಗೊತ್ತು. ಗಾಡಿಗೆ ಬೆನ್ನು ಹಾಕಿ ನಿಂತೇ, "ಮೂರನೇ ನಂಬರ್ರು, ಇನ್ನೂ ನಾಲ್ಕಡಿ ಇದೆ, ಬಾ ಬಾ" ಅನ್ನುತ್ತಿದ್ದರು. ಡ್ರೈವರುಗಳು ಅದನ್ನು ಗತ್ತು ಎಂದುಕೊಂಡು "ರಾಡಾರ್ ಯಜಮಾನ್ರು" ಎಂದು ಹೆಸರಿಟ್ಟಿದ್ದರು. ಕಂಪನಿಯ ಕಣ್ಣಿನ ಪರೀಕ್ಷೆಗೆ ಪ್ರತಿ ವರ್ಷ ಅದೇ ಹಲಗೆ. ನಾನು ಅದರ ಅಕ್ಷರಗಳನ್ನು ಬರೆದುಕೊಂಡು ಬರುವುದು, ನೀನು ಸೌಟು ಹಿಡಿದು ಕೂತು ಅಪ್ಪನಿಗೆ ಬಾಯಿಪಾಠ ಮಾಡಿಸುವುದು, ಮೇಷ್ಟ್ರ ಮುಂದೆ ಕೂತ ಹಾಗೆ ಅವರು ತಡವರಿಸುವುದು! ಎಷ್ಟು ನಕ್ಕಿದ್ದೆವು ಅಮ್ಮಾ.

ಹೊಸ ಲಾರಿಗಳು ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನುತ್ತವೆ, ನಿಜ. ಆದರೆ ಹದಿನೆಂಟಕ್ಕೂ ಒಂದೇ ಪೀಂ ಪೀಂ. ನಾಲ್ಕು ಗಾಡಿ ಒಟ್ಟಿಗೆ ಬಂದರೆ ಯಾವುದು ಎಲ್ಲಿದೆ ಎಂದು ಅಪ್ಪನಿಗೆ ತಿಳಿಯುವುದಿಲ್ಲ. ಕಣ್ಣಿನದು ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಕೆಲಸ ಬಿಡಿ ಅಂದರೆ, "ಮನೇಲಿ ಕೂತು ಗೋಡೆ ನೋಡ್ಲಾ? ಅದೂ ಕಾಣ್ಸಲ್ಲ ಕಣೋ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ರಿವರ್ಸ್ ಹಾಕಿದಾಗಲೆಲ್ಲ ಅಪ್ಪ ಎಲ್ಲಿದ್ದಾರೋ ಎಂದೇ ಯೋಚನೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಮಗುವಿನ ಅಂಗಾಲಿಗೆ ಮಾವನದೊಂದು ಮುತ್ತು. ಮಾತ್ರೆ ತಪ್ಪಿಸಬೇಡ.

ನಿನ್ನ
ಸಣ್ಣೋನು

ತಾ.ಕ.: ಅಮ್ಮಾ, ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾಳೆ ಬೆಳಿಗ್ಗೆ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ, ಅಕ್ಷರ ಬರೆದುಕೊಂಡು ಬಂದವನು ನಾನೇ ಎಂದೂ. ಆಮೇಲೆ ಅಪ್ಪ ನನ್ನ ಹತ್ತಿರ ಮಾತಾಡಲಿಕ್ಕಿಲ್ಲ, ನೀನು ಬೇಗ ಬಾ. ಬೈಯುವ ಮುಂಚೆ ಇಷ್ಟು ಕೇಳು. ನಿನ್ನೆ ಯಾರ್ಡಿನಲ್ಲಿ ಹಿಂದಕ್ಕೆ ಬರುತ್ತಿದ್ದದ್ದು ನನ್ನ ಗಾಡಿ. ಬಿಸಿಲು ಹೊಡೆದು ಕ್ಯಾಮೆರಾದಲ್ಲಿ ಏನೂ ಕಾಣುತ್ತಿರಲಿಲ್ಲ. ಹಮಾಲರು ಕೂಗಿಕೊಂಡರು, ಬ್ರೇಕ್ ಒತ್ತಿ ಇಳಿದು ಓಡಿದೆ. ಹಿಂಬಾಗಿಲು ಅಪ್ಪನ ಬೆನ್ನಿಗೆ ತಾಗಿ ನಿಂತಿತ್ತು, ಎದೆಯ ಮುಂದೆ ಒಂದೇ ಗೇಣಿಗೆ ಕಟ್ಟೆ. ಯಾರೋ ಬೆನ್ನ ಮೇಲೆ ಕೈಯಿಟ್ಟರು ಎಂದುಕೊಂಡು ಅಪ್ಪ, ತಿರುಗದೆಯೇ, ಹೇಳುತ್ತಿದ್ದರು: "ತಳ್ಬೇಡಪ್ಪಾ, ಸ್ವಲ್ಪ ಆ ಕಡೆ ನಿಂತ್ಕೋ. ಗಾಡಿ ಬರ್ತಾ ಇದೆ."