ಸೊಂಟದಲ್ಲಿದ್ದ ಅಂಗಡಿ

ಅಂಗಡಿಯ ಒಳಕೋಣೆ,
ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನ

ಪ್ರೀತಿಯ ಅತ್ತೆ,

ಭಾವನ ಮನೆಗೆ ಹೋದ ಮೇಲೆ ಕಾಲು ಹೇಗಿದೆ? ಊರುಗೋಲು ಬಿಟ್ಟು ಮಂಚದಿಂದ ಕಿಟಕಿಯವರೆಗೆ ನಡೆದುಬಿಟ್ಟಿರಂತೆ. ಭಾವ ಫೋನಿನಲ್ಲಿ ಹೇಳುವಾಗ ಅದು ಹೊಗಳಿಕೆಯೋ ದೂರೋ ಗೊತ್ತಾಗಲಿಲ್ಲ. ಡಾಕ್ಟರು ಬಿಡಿ ಎನ್ನುವ ತನಕ ಬಿಡಬೇಡಿ ಅತ್ತೆ, ನನ್ನಾಣೆ. ಅಕ್ಕನನ್ನು ಎಬ್ಬಿಸಬಾರದೆಂದು ಒಬ್ಬರೇ ಎದ್ದು ಬಚ್ಚಲಿಗೆ ಹೋಗುವುದೂ ಬೇಡ. ಆಕೆಯೇ ನನಗೆ ಹೇಳಿದ್ದು, ನಾನು ಹೇಳಿದೆನೆಂದು ಅಲ್ಲಿ ಬಾಯಿ ಬಿಡಬೇಡಿ. ಇಲ್ಲಿ ನಿಮ್ಮ ಮಗ ಚೆನ್ನಾಗಿದ್ದಾರೆ. ಅಂಗಡಿಯಲ್ಲಿ ಅವರು ಏಣಿ ಹತ್ತಿದರೆ ಕೆಳಗೆ ಯಾರಾದರೂ ಹಿಡಿದುಕೊಂಡಿರಲೇಬೇಕೆಂದು ನಾನು ಕಾನೂನು ಮಾಡಿದ್ದೇನೆ, ಮನೆಯಲ್ಲಿ ಒಬ್ಬರು ಬಿದ್ದದ್ದು ಸಾಕು. ಪುಟ್ಟಿಯದೇ ಚಿಂತೆ. ಈಚೆಗೆ ಮಲಗಿದಲ್ಲಿ ಮಲಗುವುದಿಲ್ಲ, ಎತ್ತಿಕೊಂಡರೆ ನನ್ನ ಹೆಗಲಿಗೆ ಮುಖ ತಿಕ್ಕಿ ಅಳುತ್ತಾಳೆ. ಕಿವಿನೋವೋ ಹೊಟ್ಟೆನೋವೋ ಎಂದು ಡಾಕ್ಟರ ಹತ್ತಿರ ಓಡಿದೆ. ಅವರು ಅವಳ ಕಿವಿ ನೋಡಿ, ಹೊಟ್ಟೆ ಒತ್ತಿ, ಕೊನೆಗೆ ನನ್ನ ಮುಖ ನೋಡಿ, ಮಗು ಸರಿಯಾಗಿದೆ, ನೀವು ಸ್ವಲ್ಪ ನಿದ್ದೆ ಮಾಡಿ ಅಂದರು. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಚೀಟಿಯಲ್ಲಿ ಬರೆಯಲಿಲ್ಲ. ಅದರ ಮೇಲೆ ನಾನು ಮಗುವನ್ನು ಗುಂಡಿ ಅಂಗಡಿಗೆ ಎತ್ತಿಕೊಂಡು ಬರುವ ಮಹಾತಾಯಿ. ನೆಲಕ್ಕೆ ಬಿದ್ದ ಒಂದೊಂದು ಗುಂಡಿಯೂ ಅವಳ ಗಂಟಲಿನ ಅಳತೆ ತೆಗೆದೇ ಮಾಡಿದಂತೆ ನನಗೆ ಕಾಣುತ್ತದೆ. ದಿನಕ್ಕೆ ಎಷ್ಟು ಸಲ ಗುಡಿಸುತ್ತೇನೋ, ಪೊರಕೆಗೇ ನನ್ನ ಕಂಡರೆ ಬೇಸರ.

ನೀವು ಕಳಿಸಿದ ಪೊಟ್ಟಣ ಬಂತು. ಕರವಸ್ತ್ರ ಬಿಚ್ಚಿದರೆ ಬೀಗದ ಕೈ ಗೊಂಚಲು, ಅದರಲ್ಲೇ ನೇತಾಡುವ ಪೆನ್ ಡ್ರೈವ್. ನಿಮ್ಮ ಮಗ ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು. ಕಂಪ್ಯೂಟರಿನ ಲೆಕ್ಕವನ್ನೆಲ್ಲ ದಿನಾ ಸಂಜೆ ಅದಕ್ಕೆ ಇಳಿಸಿಕೊಂಡು, ಸೆರಗಿನಡಿ ಸಿಕ್ಕಿಸಿ, ‘ನಡೀರಿ, ಅಂಗಡಿ ನನ್ನ ಸೊಂಟದಲ್ಲಿದೆ’ ಅನ್ನುತ್ತಿದ್ದಿರಲ್ಲ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದು ತಮಾಷೆಯೆಂದುಕೊಂಡಿದ್ದೆ. ಗೊಂಚಲಿನ ಜೊತೆಗೆ ಭಾವನ ಕೈಲಿ ಹೇಳಿಸಿದ ಮಾತೂ ಬಂತು. ‘ಏಣಿ ಹತ್ತಲಾಗದವಳಿಗೆ ಅಂಗಡಿ ಯಾಕೆ? ನನ್ನ ಹೆಸರು ತೆಗೆದುಬಿಡಿ ಅನ್ನು.’ ಆ ಮಾತಿಗೆ ನಾವಿಬ್ಬರೂ ಇನ್ನೂ ಉತ್ತರ ಕೊಟ್ಟಿಲ್ಲ. ಈ ಕಾಗದವೇ ಉತ್ತರ ಅಂದುಕೊಳ್ಳಿ, ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಕಂಪ್ಯೂಟರು ಈಚೆಗೆ ಬಿಲ್ಲಿನ ನಡುವೆಯೇ ಕಣ್ಣು ಮುಚ್ಚುತ್ತಿತ್ತು. ಅದರೊಳಗಿನ ಲೆಕ್ಕದ ಸಾಫ್ಟ್‌ವೇರು ತುಂಬ ಹಳೆಯದಾಯಿತು, ಇನ್ನು ಅದನ್ನು ನೋಡಿಕೊಳ್ಳುವುದಿಲ್ಲವೆಂದು ಕಂಪನಿಯವರೂ ಕೈ ತೊಳೆದುಕೊಂಡರು. ಹಾಗಾಗಿ ಎಲ್ಲವನ್ನೂ ಆನ್‌ಲೈನಿಗೆ ಸಾಗಿಸಿದ್ದೇವೆ. ಆಡಿಟರ ಕಚೇರಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಬೆರಳು ಎಷ್ಟು ಚುರುಕೋ ಮಾತೂ ಅಷ್ಟೇ. ಗಿರಾಕಿಗಳ ಪಟ್ಟಿ, ಸರಕಿನ ಪಟ್ಟಿ ಎಲ್ಲ ಹಳೆಯದರಿಂದ ತೆಗೆಯುವುದು, ತಿದ್ದುವುದು, ಹೊಸದಕ್ಕೆ ಏರಿಸುವುದು, ಆಮೇಲೆ ಎರಡಕ್ಕೂ ತಾಳೆ ನೋಡುವುದು, ಇಷ್ಟೇ ಕೆಲಸ ಅಂದಳು. ಇಷ್ಟೇ ಅಂದವಳು ನಿಮ್ಮ ಸರಕಿನ ಪಟ್ಟಿ ತೆರೆದು ಒಂದೊಂದೇ ಹೆಸರು ಗಟ್ಟಿಯಾಗಿ ಓದತೊಡಗಿದಳು. ‘ಮಳೆ ನಿಂತ ಬೂದಿ’, ‘ವಕೀಲರ ಕಪ್ಪು’, ‘ಮುನಿದ ನೇರಳೆ’, ‘ಗಂಡನಿಗೆ ಹೇಳದ ಕೆಂಪು’. ಎರಡೇ ತೂತಿನ ಅಗಲ ಗುಂಡಿಗೆ ‘ಹಲ್ಲು ಬಿದ್ದ ಬಿಳಿ’. ಇವನ್ನು ಇಷ್ಟು ದಿನ ನಾನೂ ಬಾಯಲ್ಲಿ ಹೇಳುತ್ತಲೇ ಇದ್ದೆ ಅತ್ತೆ, ಆದರೆ ಒಂದರ ಕೆಳಗೊಂದು ಸಾಲಾಗಿ, ತೆರೆ ತುಂಬಿ, ಮತ್ತೆ ತೆರೆ ತುಂಬಿ ಮುಗಿಯದೆ ಬರುವುದನ್ನು ನೋಡಿರಲಿಲ್ಲ. ಲೋಕದಲ್ಲಿ ಇಷ್ಟು ಬಿಳಿಗಳಿವೆಯೆಂದು ಕಾಲೇಜಿನಲ್ಲಿ ನನಗೆ ಯಾರೂ ಕಲಿಸಲಿಲ್ಲ. ಹುಡುಗಿ ಮಾತ್ರ, ಇವನ್ನೆಲ್ಲ ತೆಗೆದು ಅಕ್ಷರ-ಸಂಖ್ಯೆಯ ಕೋಡು ಹಾಕೋಣ, ಹೊಸದರಲ್ಲಿ ಹುಡುಕಲು ಸಲೀಸು ಅಂದಳು. ನಿಮ್ಮ ಮಗ ಹೂಂ ಅನ್ನುವುದರಲ್ಲಿದ್ದರು. ಅಷ್ಟರಲ್ಲಿ ಕೌಂಟರಿನ ಆಚೆ ನಿಂತಿದ್ದ ಕೋಟಿನ ಟೈಲರು ತಲೆ ಹಾಕಿ, ‘ಹಲ್ಲು ಬಿದ್ದ ಬಿಳಿ ಒಂದು ಡಜನ್ ಕೊಡ್ರಪ್ಪ. ಬಿ ಹದಿನೇಳು ಅನ್ನೋಕೆ ನಾನೇನು ಬಸ್ ಹತ್ತೋಕೆ ಬಂದಿದೀನಾ?’ ಅಂದರು. ಹುಡುಗಿಗೇ ನಗು ಬಂತು. ನಿಮ್ಮ ಹೆಸರುಗಳು ಉಳಿದವು.

ಏರಿಸುವ ಹೊತ್ತು ಬಂತು. ಒತ್ತಿದ ಮೇಲೆ ಎಲ್ಲ ಮಾಯವಾದರೆ? ಅರ್ಧ ಹೋಗಿ ಅರ್ಧ ನಿಂತರೆ? ‘ನಡುದಾರಿಯಲ್ಲಿ ಏನಾದರೂ ಬಿದ್ದುಹೋಗುತ್ತದಾ?’ ಎಂದು ಆ ಹುಡುಗಿಯನ್ನು ಕೇಳಿಯೂಬಿಟ್ಟೆ. ಪುಟ್ಟಿ ಹೆಗಲ ಮೇಲೆ, ಅವಳ ಜೊಲ್ಲು ನನ್ನ ಬೆನ್ನ ಮೇಲೆ. ತೆರೆಯಲ್ಲಿ ನೀಲಿ ಪಟ್ಟಿಯೊಂದು ಬಸುರಿಯ ಹಾಗೆ ನಿಧಾನ ನಡೆಯುತ್ತಿತ್ತು. ತುಂಬಿತು. ಏನೂ ಸದ್ದಾಗಲಿಲ್ಲ. ಹುಡುಗಿ ನನ್ನ ಫೋನು ಇಸಿದುಕೊಂಡು ಏನೋ ಒತ್ತಿ ಕೈಗಿಟ್ಟಳು. ಅಲ್ಲಿ, ಅಂಗೈಯಲ್ಲಿ, ನಿಮ್ಮ ಮಳೆ ನಿಂತ ಬೂದಿ. ಕೆಳಗೆ ವಕೀಲರ ಕಪ್ಪು. ನಿಮ್ಮ ಮಗ ಕೌಂಟರಿನಲ್ಲಿ ಟೈಲರಿಗೆ ಒಂದು ಡಜನ್ ಬಿಲ್ಲು ಮಾಡಿದರು, ಒಳಕೋಣೆಯಲ್ಲಿ ಕೂತ ನನ್ನ ಕೈಯಲ್ಲಿ ಹಲ್ಲು ಬಿದ್ದ ಬಿಳಿ ಹನ್ನೆರಡು ಕಡಿಮೆಯಾಯಿತು. ಯಾರೂ ಕೂಗಲಿಲ್ಲ, ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಪುಟ್ಟಿ ನಿದ್ದೆಯಲ್ಲಿ ನಗುವುದನ್ನು ಮೊದಲ ಸಲ ಕಂಡಾಗ ಹೀಗೇ ಉಸಿರು ಹಿಡಿದು ನಿಂತಿದ್ದೆ, ಯಾರು ತೋರಿಸಿಕೊಟ್ಟರು ಇದನ್ನು ಇವಳಿಗೆ ಅಂತ.

ಇನ್ನು ನಿಮ್ಮ ಮಗನ ಕಥೆ ಕೇಳಿ, ನಗಬೇಡಿ, ಅಥವಾ ನಕ್ಕುಬಿಡಿ. ಆ ಸಂಜೆ ಅಂಗಡಿ ಮುಚ್ಚಬೇಕು, ಷಟರು ಅರ್ಧ ಎಳೆದವರು ನಿಂತೇ ಇದ್ದಾರೆ. ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಒಳಗೆ ಹೋಗುತ್ತಾರೆ, ಬರುತ್ತಾರೆ. ಮನೆಗೆ ಬಂದ ಮೇಲೆ ಚೀಲದಿಂದ ತೆಗೆದು ಊಟದ ಮೇಜಿನ ಮೇಲೆ ಇಟ್ಟದ್ದೇನು ಗೊತ್ತೆ? ಅಂಗಡಿಯ ಇಂಟರ್‌ನೆಟ್ ಡಬ್ಬಿ, ವೈರು ಸುತ್ತಿ, ಅದರ ಎರಡು ಕೊಂಬಿನ ಸಮೇತ. ಇದ್ಯಾಕೆ ತಂದಿರಿ ಅಂದರೆ, ‘ಅಂಗಡೀನ ಹಾಗೇ ಬಿಟ್ಟು ಬರೋಕಾಗುತ್ತಾ? ಏನಾದ್ರೂ ತರಬೇಕಲ್ಲ’ ಅಂದರು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ. ಅಮ್ಮನ ಸೊಂಟ ನೋಡಿ ನೋಡಿ ಬೆಳೆದವರು. ನಾನು ಫೋನು ತೆರೆದೆ. ಅಂಗಡಿಗೆ ಬೀಗ, ಕಂಪ್ಯೂಟರು ಆರಿದೆ, ಡಬ್ಬಿ ನಮ್ಮ ತಟ್ಟೆಗಳ ನಡುವೆ ಸತ್ತ ಜೀರುಂಡೆಯ ಹಾಗೆ ಕೂತಿದೆ, ಆದರೂ ಎಲ್ಲ ಇತ್ತು ಅತ್ತೆ, ಒಂದು ಗುಂಡಿಯೂ ಆಚೀಚೆಯಾಗದೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ‘ಹಾಗಾದ್ರೆ ಈಗ ಎಲ್ಲಿದೆ ಇದು?’ ಅಂದರು ಮೆಲ್ಲಗೆ. ಎಲ್ಲೋ ಇದೆ, ನಮ್ಮನ್ನು ಕಾಯದೆ ಇದೆ, ಕೈ ಚಾಚಿದವರಿಗೆಲ್ಲ ಸಿಗುತ್ತದೆ. ಅದು ಹೊಳೆದಾಗ ನೀವು ನೆನಪಾದಿರಿ, ಏಕೆಂದರೆ ಕೈ ಚಾಚುವವರಿಗೆ ಏಣಿ ಬೇಕಾಗಿಲ್ಲ.

ಈಗ ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ಹೊಸದರಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಜಾಗವಿದೆ, ‘ಮಾಲೀಕರು’ ಎಂದು. ಅಲ್ಲಿ ಒಬ್ಬರೇ ಇರಬೇಕು, ಅವರೇ ಒಪ್ಪಿಕೊಳ್ಳಬೇಕು. ನೋಡಿ ತಿಳಿಯಿರಿ ಎಂದು ಹೊಸ ಕಂಪನಿಯವರು ಪುಕ್ಕಟೆ ಕೊಟ್ಟ ದಿನಗಳು ಮುಂದಿನ ಶನಿವಾರ ಮುಗಿಯುತ್ತವೆ, ಅಷ್ಟರಲ್ಲಿ ಯಾರೂ ಒಪ್ಪದಿದ್ದರೆ ಬಾಗಿಲು ಹಾಕಿಕೊಳ್ಳುತ್ತದಂತೆ. ಹುಡುಗಿ ನಿಮ್ಮ ಮಗನ ಹೆಸರು ಟೈಪು ಹೊಡೆದಳು, ಅವರು ಅಳಿಸಿದರು. ನಿಮ್ಮದು ಹೊಡೆಯಲೇ ಎಂದು ನನ್ನನ್ನು ಕೇಳಿದಳು. ನಾನು ಮಗುವಿನ ಚಡ್ಡಿ ಬದಲಿಸುವ ನೆವ ಹೂಡಿ ಎದ್ದುಹೋದೆ. ಕೊನೆಗೆ ನಿಮ್ಮ ಫೋನಿಗೇ ಕೋರಿಕೆ ಕಳಿಸಿದ್ದೇವೆ, ಒಪ್ಪಿಕೊಂಡರೆ ಅಲ್ಲಿಂದಲೇ ಪಟ್ಟಿ ನೋಡಬಹುದು, ತಿದ್ದಬಹುದು. ಮೊನ್ನೆಯೇ ಬಂದಿರಬೇಕು, ನೀವು ತೆರೆದಿಲ್ಲ. ಬೇಡದ ಜಾಹೀರಾತು ಅಂದುಕೊಂಡಿರೋ, ನಮ್ಮ ಮೇಲೆ ಸಿಟ್ಟೋ ತಿಳಿಯದು. ಅದರ ಜೊತೆಗೆ ಇನ್ನೊಂದು ತಾಪತ್ರಯ: ಹೊಸ ಗುಂಡಿ ಬಂದಿದೆ, ಸಣ್ಣದು, ಒಳಗಿಂದ ಹೊಳೆಯುವ ಬಿಳಿ. ಹೆಸರಿಡಲು ನಮ್ಮಿಬ್ಬರಿಗೂ ಬರಲಿಲ್ಲ. ನಿಮ್ಮ ಮಗ ‘ಸಣ್ಣ ಬಿಳಿ’ ಅಂದರು, ಅದೇನು ಹೆಸರೇ? ಸದ್ಯಕ್ಕೆ ‘ಅತ್ತೆ ಹೇಳಬೇಕು’ ಎಂದು ಹಾಕಿಟ್ಟೆ. ಕೋಟಿನ ಟೈಲರು ನಿನ್ನೆ ಬಂದು ಗಂಭೀರವಾಗಿ, ‘ಅತ್ತೆ ಹೇಳಬೇಕು ಎರಡು ಡಜನ್’ ಅಂದರು. ಗುಂಡಿಯ ಫೋಟೋ ಕೂಡ ಹಾಕಬಹುದು. ಅಂಗೈ ಮೇಲಿಟ್ಟು ತೆಗೆಯುವಾಗ ಪುಟ್ಟಿ ಅದಕ್ಕೇ ಬಾಯಿ ತೆರೆದು ಹಾರಿದಳು, ನನ್ನ ಜೀವವೇ ಹೋಯಿತು. ಫೋಟೋದಲ್ಲಿ ಅರ್ಧ ಗುಂಡಿ, ಅರ್ಧ ಅವಳ ಬಾಯಿ. ಮತ್ತೆ ತೆಗೆಯುವ ಧೈರ್ಯವಾಗಲಿಲ್ಲ, ಅದನ್ನೇ ಹಾಕಿದ್ದೇನೆ.

ಅತ್ತೆ, ಹೆಸರು ತೆಗೆಯಿರಿ ಅಂದಿರಿ. ಯಾವುದನ್ನು ತೆಗೆಯಲಿ? ಪಟ್ಟಿಯ ಒಂದೊಂದು ಸಾಲೂ ನಿಮ್ಮದೇ ದನಿಯಲ್ಲಿ ಮಾತಾಡುತ್ತದೆ. ಕೂತಲ್ಲೇ ಕೂತು, ಕಾಲು ನೀಡಿಕೊಂಡು, ಒಂದು ಸಲ ಫೋನು ತೆರೆಯಿರಿ. ಭಾವನಿಗೆ, ಅಕ್ಕನಿಗೆ ನಮ್ಮ ನೆನಪು ಹೇಳಿ. ನಿಮ್ಮ ಕಾಲಿಗೆ ದೂರದಿಂದಲೇ ನಮಸ್ಕಾರ, ನೋವಿರುವ ಕಾಲಿಗೆ ಒಂದು ಹೆಚ್ಚು.

ನಿಮ್ಮ,
ಕಿರಿಸೊಸೆ

ಮ.ವಿ.: ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ಫೋನು ನೋಡಿದೆ. ಪುಟ್ಟಿ ಕಂಕುಳಲ್ಲಿದ್ದಾಳೆ, ಅಕ್ಷರ ಕೆಟ್ಟರೆ ಕ್ಷಮಿಸಿ. ‘ಅತ್ತೆ ಹೇಳಬೇಕು’ ಎಂದಿದ್ದ ಜಾಗದಲ್ಲಿ ನಾನು ನೋಡುತ್ತಿದ್ದ ಹಾಗೇ ಅಕ್ಷರಗಳು ಅಳಿಸಿದವು. ಅಲ್ಲಿ ಈಗ ‘ಹಲ್ಲು ಬಂದ ಬಿಳಿ’ ಎಂದಿದೆ. ಯಾರ ಹಲ್ಲು ಎಂದು ತಿಳಿಯದೆ ಫೋಟೋ ದೊಡ್ಡದು ಮಾಡಿದೆ. ಆಮೇಲೆ ಕೈ ತೊಳೆದುಕೊಂಡು ಪುಟ್ಟಿಯ ಕೆಳವಸಡಿನ ಮೇಲೆ ಬೆರಳಾಡಿಸಿದೆ. ಇದೆ ಅತ್ತೆ, ಅಕ್ಕಿಕಾಳಿನ ತುದಿಯಷ್ಟು, ಗಟ್ಟಿಯಾಗಿ. ಎತ್ತಿಕೊಂಡೇ ಇದ್ದ ನನಗೆ ಕಾಣದ್ದು ಅಷ್ಟು ದೂರದಿಂದ ನಿಮಗೆ ಕಂಡಿತು. ನಿಮ್ಮ ಮಗನನ್ನು ಕೂಗಿ ತೋರಿಸಿದೆ. ಅವರು ಮೊದಲು ಹಲ್ಲು ನೋಡಲಿಲ್ಲ, ಹೆಸರು ಓದಿದರು, ಓದಿ ಒಳಕೋಣೆಯ ಬಾಗಿಲ ಕಡೆ ತಿರುಗಿ, ‘ಅಮ್ಮ ಬಂದ್ರಾ?’ ಅಂದರು. ಹೂಂ ಅಂದೆ. ಊರುಗೋಲು ಮಾತ್ರ ಬಿಡಬೇಡಿ.