ಗೂಳಿಯ ಮೊಣಕಾಲು

ತಮ್ಮಾ,

ನಿನ್ನ ಆನ್‌ಲೈನ್ ಅಮೆರಿಕನ್ ಫುಟ್‌ಬಾಲ್ ಲೀಗ್ ಆಟದ ಕೆಲಸಕ್ಕೆ ಒಂದು ಪಾತ್ರೆ ಹಾಲು ಸೀದಿದೆ. ಪಾತ್ರೆ ನೆನೆಹಾಕಿದ್ದೇನೆ, ಜ್ವರ ಬಿಟ್ಟಮೇಲೆ ನೀನೇ ತಿಕ್ಕು.

"ಅಕ್ಕಾ, ಇವತ್ತು ಫೈನಲ್ಲು. ನಮ್ಮ ಓಟಗಾರ ಗೂಳಿಯನ್ನ ಮೈದಾನಕ್ಕೆ ಇಳಿಸಿಬಿಡು, ಮಿಕ್ಕಿದ್ದು ಕಂಪ್ಯೂಟರೇ ಆಡುತ್ತೆ" ಅಂತ ಹೇಳಿ ನೀನು ಮಲಗಿದೆ. ಇಳಿಸಲು ಹೋದರೆ ಪರದೆಯ ಮೇಲೆ ಅವನ ಹೆಸರಿನ ಪಕ್ಕದಲ್ಲಿ ಮೊಣಕಾಲಿಗೆ ಪೆಟ್ಟು ಎಂದಿತ್ತು. ದಿನವಿಡೀ ಮೂಳೆ ವಾರ್ಡಿನಲ್ಲಿ "ಕಾಲೂರಬೇಡಿ" ಎಂದು ಗದರುವವಳು ನಾನು. ಕೈ ಏಳಲಿಲ್ಲ, ಅವನನ್ನು ಬೆಂಚಿನಲ್ಲಿ ಕೂರಿಸಿದೆ.

ಅಲ್ಲೇ ಜೊಂಪು ಹತ್ತಿತು. ಹಸಿರು ಮೈದಾನದಂಚಿನಲ್ಲಿ ಗೂಳಿ ಕಾಲು ಚಾಚಿ ಕೂತು, "ಈಗ ನೋವಿಲ್ಲ ಅಕ್ಕಾ" ಅಂದ. ನಿನ್ನದೇ ದನಿ. ಸೀದ ವಾಸನೆಗೆ ಎಚ್ಚರವಾಯಿತು.

ಮಾತ್ರೆ ಊಟದ ಮೇಲೆ ತಗೋ. ಬೈಯುವುದಿದ್ದರೆ ನಾನು ಪಾಳಿ ಮುಗಿಸಿ ಬಂದಮೇಲೆ ಬೈ.

ಕಪ್ ಹೋಯಿತು. ಗೂಳಿಯ ಮೊಣಕಾಲು ಉಳಿಯಿತು.